ಹಾಸ್ಪೈಸ್ ಅಂಗಿ ಪ್ರಾಜೆಕ್ಟ್: ಜೇಬಿನ ಪ್ಯಾಟರ್ನ್ ಸೆಟ್ ಆಯ್ತು

ಗಂಡಸರ ಅಂಗಿ ಪ್ಯಾಟರ್ನ್ ಕೊನೆಗೂ ಒಂದು ಹದಕ್ಕೆ ಬಂತು, ಅದನ್ನ ಬರೆದಿಡೋಣ ಅಂತ ಕೂತಿದೀನಿ. ಗೊತ್ತಿಲ್ದೋರಿಗೆ ಎರಡು ಮಾತು: ಬೆಂಗಳೂರಲ್ಲೇ ಕೊನೇ ದಿನಗಳಲ್ಲಿರೋ ರೋಗಿಗಳನ್ನ ನೋಡ್ಕೊಳ್ಳೋ ಒಂದು ಸಣ್ಣ ಹಾಸ್ಪೈಸ್‌ಗೆ ಶನಿವಾರ ವಾಲಂಟಿಯರ್ ಆಗಿ ಹೋಗ್ತೀನಿ, ಊಟ ತಿನ್ಸೋದು, ಪೇಪರ್ ಓದಿ ಹೇಳೋದು, ಸುಮ್ನೆ ಪಕ್ಕದಲ್ಲಿ ಕೂರೋದು, ಅದರ ಜೊತೆಗೆ ಮನೇಲಿ ಹಳೇ ಕಾಟನ್ ಸೀರೆ ಪಂಚೆ ಸೇರಿಸಿ ಅಲ್ಲಿರೋರಿಗೆ ಬಟ್ಟೆ, ದಿಂಬು ಹೊಲೀತೀನಿ. ನಮ್ಮೂರಲ್ಲಿ ಹಾಸ್ಪೈಸ್ ಅಂದ್ರೆ ಎಷ್ಟೋ ಜನ ಕರುಣಾಶ್ರಯದ ಹೆಸರು ಹೇಳ್ತಾರೆ, 1994ರಲ್ಲಿ ಅದರ ಟ್ರಸ್ಟ್ ಆಯ್ತು, 1999ರಿಂದ ಒಳಗೆ ಸೇರಿಸ್ಕೊಂಡು ನೋಡ್ಕೊಳ್ತಿದಾರೆ, ಯಾರ ಹತ್ರಾನೂ ದುಡ್ಡು ತಗೊಳಲ್ಲ. ನಾನು ಹೋಗೋದು ಬೇರೆ ಕಡೆ, ಆದ್ರೆ ಕೆಲಸ ಅದೇ. ವಾಸಿ ಆಗಲ್ಲ ಅಂತ ಗೊತ್ತಾದ ಮೇಲೆ ಉಳಿದಿರೋ ದಿನ ನೋವಿಲ್ದೆ, ಮರ್ಯಾದೆಯಿಂದ ಇರೋ ಹಾಗೆ ನೋಡ್ಕೊಳ್ಳೋದು.

ಈ ಪ್ಯಾಟರ್ನ್ ಶುರುವಾಗಿದ್ದು ಒಬ್ರು ತಾತನಿಂದ. ಬಸ್ ಕಂಡಕ್ಟರ್ ಆಗಿದ್ದೋರು, ಮಂಡ್ಯ ಕಡೆಯೋರು. ಅಲ್ಲಿ ಕೊಡೋ ಗೌನ್ ಎದೆ ಮೇಲೆ ಕೈಯಾಡಿಸ್ತಾ "ಏನವ್ವಾ ಇದು, ಜೇಬೇ ಇಲ್ದಿರೋ ಅಂಗಿ? ಪೆನ್ನು, ಚಿಲ್ರೆ, ಕನ್ನಡಕ ಎಲ್ಲಾನೂವೆ ಇಲ್ಲೇ ಮಡಿಕ್ಕಂಡು ಓಡಾಡಿದೋನು ನಾನು" ಅಂದ್ರು. ಸರಿ ತಾತ, ಮುಂದಿನ ವಾರ ಜೇಬಿರೋದೇ ತರ್ತೀನಿ ಅಂದೆ.

ಹೇಳೋದು ಸುಲಭ, ಅಂಗಿಗೆ ಜೇಬು ಇಡೋದೂ ಸುಲಭ, ಆದ್ರೆ ಎದ್ದು ಕೂರಕ್ಕೇ ಆಗದಿರೋರಿಗೆ ಮಾಮೂಲಿ ಅಂಗಿ ತೋಳು ಏರ್ಸಕ್ಕಾಗಲ್ಲ, ಕೈ ಹಿಂದಕ್ಕೆ ತಿರುಗ್ಸಿದ್ರೆ ಜೀವ ಹೋಗೋ ಅಷ್ಟು ನೋವು. ಅದಕ್ಕೇ ಮುಂದೆಯಿಂದ ನೋಡಿದ್ರೆ ಪೂರ್ತಿ ಅಂಗಿ ಥರ, ಕಾಲರ್, ಗುಂಡಿ, ಎಡಗಡೆ ಜೇಬು, ಎಲ್ಲಾ ಇದೆ, ಗುಂಡಿ ಬಿಚ್ಚೋ ಹಾಗಿಲ್ಲ ಅಷ್ಟೇ. ಹಿಂದೆ ಪೂರ್ತಿ ಸೀಳು. ಮಲಗಿರೋರಿಗೆ ಮುಂದಿನಿಂದ ಎರಡೂ ಕೈ ತೂರ್ಸಿ, ಹಿಂದಿನ ಎರಡು ಪಟ್ಟೀನ ಅಕ್ಕಪಕ್ಕ ಸಿಗಿಸಿದ್ರೆ ಮುಗೀತು, ಎತ್ತಿ ಕೂರ್ಸೋ ಹಾಗೇ ಇಲ್ಲ. ವೆಲ್ಕ್ರೋ ಬೇಡ ಅಂತ ತೀರ್ಮಾನ ಮಾಡಿದೀನಿ, ಚರ್ಮ ತರಚುತ್ತೆ, ಒಗೆಯುವಾಗ ಬೇರೆ ಬಟ್ಟೆಗೆಲ್ಲ ಅಂಟ್ಕೊಳತ್ತೆ. ಲಾಡಿನೇ ಒಳ್ಳೇದು, ಆದ್ರೆ ಗಂಟು ಬೆನ್ನುಮೂಳೆ ಮೇಲೆ ಬರ್ಬಾರ್ದು, ಕತ್ತಿನ ಪಕ್ಕಕ್ಕೆ ಬರ್ಬೇಕು. ಲಾಡಿ, ಗುಂಡಿ ಎಲ್ಲಾ ಮಾಮೂಲ್‌ಪೇಟೇಲಿ ಒಟ್ಟಿಗೆ ತಂದಿಟ್ಕೊಂಡಿದೀನಿ.

ಇನ್ನೊಂದು ವಿಷಯ ಸಿಸ್ಟರ್ ತೋರಿಸ್ಕೊಟ್ರು. ಬಹಳ ದಿನ ಮಲಗಿರೋರ ಚರ್ಮ ಈರುಳ್ಳಿ ಸಿಪ್ಪೆ ಥರ ಆಗ್ಬಿಟ್ಟಿರುತ್ತೆ, ಅಂಗಿ ಒಳಗಿನ ಹೊಲಿಗೆ ಒತ್ತಿದ್ರೂ ಗೆರೆ ಬೀಳುತ್ತೆ, ಆ ಗೆರೆಯಿಂದನೇ ಹುಣ್ಣು ಶುರುವಾಗ್ಬಹುದು. ಹಾಗಾಗಿ ಬೆನ್ನು, ಭುಜದ ಹೊಲಿಗೆ ಎಲ್ಲಾ ಹೊರಮೈಗೆ ಬರೋ ಹಾಗೆ ಹಾಕಿ, ಅದರ ಮೇಲೆ ಅದೇ ಬಟ್ಟೆ ಪಟ್ಟಿ ಮುಚ್ಚಿ ಹೊಲೀತೀನಿ, ನೋಡಕ್ಕೆ ಡಿಸೈನ್ ಥರಾನೇ ಕಾಣುತ್ತೆ. ಐದೂವರೆ ಮೀಟರ್ ಸೀರೇಲಿ ಸೆರಗು, ಹರಿದಿರೋ ಜಾಗ ಬಿಟ್ಟು ಎರಡು ಅಂಗಿ ಬರುತ್ತೆ. ಬೋರ್ ನೀರಲ್ಲಿ ಒಗೆದ್ರೆ ಬಟ್ಟೆ ಗಡುಸಾಗುತ್ತೆ, ನಾನು ಕಾವೇರಿ ನೀರು ಬಿಡೋ ದಿನ ನೋಡ್ಕೊಂಡು ಒಗೀತೀನಿ.

ದಿಂಬಿನ ವಿಷಯಾನೂ ಹೇಳ್ಬಿಡ್ತೀನಿ. ನಡುವೆ ತೂತಿರೋ ರಿಂಗ್ ದಿಂಬು ತುಂಬಾ ಜನ ಪ್ರೀತಿಯಿಂದ ತಂದ್ಕೊಡ್ತಾರೆ, ಆದ್ರೆ ಅದು ಸುತ್ತ ಒತ್ತಿ ರಕ್ತ ಓಡಾಡೋದನ್ನ ಕಮ್ಮಿ ಮಾಡುತ್ತೆ, ಬೆಡ್‌ಸೋರ್‌ಗೆ, ಅಂದ್ರೆ ಮಲಗಿ ಮಲಗಿ ಆಗೋ ಹುಣ್ಣಿಗೆ, ಅದು ಬೇಡ ಅಂತಾರೆ. ಬೇಕಾಗಿರೋದು ಉದ್ದಕ್ಕಿರೋ ಮೆತ್ತನೆ ದಿಂಬು, ಮೀನಖಂಡದ ಕೆಳಗೆ ಇಟ್ರೆ ಹಿಮ್ಮಡಿ ಹಾಸಿಗೆಗೆ ತಾಗದೆ ಮೇಲಿರುತ್ತೆ, ಬೆನ್ನಿನ ಹಿಂದೆ ಇಟ್ರೆ ಸ್ವಲ್ಪ ವಾರೆಯಾಗಿ, ಸುಮಾರು 30 ಡಿಗ್ರಿ, ಮಲಗಿಸಬಹುದು.

ತಾತಂಗೆ ಅಂಗಿ ಹಾಕ್ಸಿದ ದಿನ ಮಾರ್ಫಿನ್ ಮಾತ್ರೆ (ಜೋರು ನೋವಿಗೆ ಕೊಡೋದು, ಅಫೀಮಿಂದ ಮಾಡಿದ್ದು) ಕೊಟ್ಟು ಸ್ವಲ್ಪ ಹೊತ್ತು ಕಾದ್ವಿ, ಔಷಧಿ ಹಿಡಿದ ಮೇಲೇ ಮೈ ಮುಟ್ಟಿದ್ದು. ಮಗ ಪಕ್ಕದಲ್ಲೇ ಇದ್ರು, ಇದು ಚಟ ಹಿಡಿಯಲ್ವಾ ಮೇಡಂ ಅಂತ ಕೇಳ್ತಾನೇ ಇದ್ರು. ಸಿಸ್ಟರ್ ಸಮಾಧಾನವಾಗಿ, ನೋವಿಗೆ ತಕ್ಕ ಡೋಸ್ ನಾಲ್ಕು ಗಂಟೆಗೊಂದ್ಸಲ ಡಾಕ್ಟ್ರು ಹೇಳ್ದಂಗೆ ಕೊಟ್ರೆ ಹಾಗೇನೂ ಆಗಲ್ಲ, ಮಲಬದ್ಧತೆ ಮಾತ್ರ ಆಗುತ್ತೆ, ಅದಕ್ಕೆ ಬೇರೆ ಔಷಧಿ ಜೊತೇಲೇ ಕೊಡ್ತೀವಿ ಅಂತ ಬಿಡಿಸಿ ಹೇಳಿದ್ರು. 1985ರ ಮಾದಕವಸ್ತು ಕಾಯ್ದೆ ಬಂದ್ಮೇಲೆ ಲೈಸೆನ್ಸ್ ಮೇಲೆ ಲೈಸೆನ್ಸ್ ಆಗಿ ನಮ್ಮ ದೇಶದಲ್ಲಿ ಮಾರ್ಫಿನ್ ಸಿಗೋದೇ ಕಷ್ಟ ಆಗಿತ್ತು, 2014ರ ತಿದ್ದುಪಡಿ ಆದ್ಮೇಲೆ ನಿಯಮ ಸಡಿಲ ಆಗಿದೆ, ಆದ್ರೂ ಜನರ ಭಯ ಹೋಗಿಲ್ಲ. ನೋವಿನಲ್ಲಿ ಇರೋರನ್ನ ಭಯಕ್ಕೆ ಹಾಗೇ ಬಿಡೋದು ನೋಡಿದ್ರೆ ನಂಗೆ ಹೊಟ್ಟೆ ಉರಿಯುತ್ತೆ.

ಅಂಗಿ ಹಾಕ್ಕೊಂಡು ತಾತ ಮೊದ್ಲು ಮಾಡಿದ್ದು ಕನ್ನಡಕ ಜೇಬಿಗೆ ಇಟ್ಕೊಂಡಿದ್ದು. ಆಮೇಲೆ ಮಗನ ಹತ್ರ ಹತ್ತು ರೂಪಾಯಿ ನೋಟು ಇಸ್ಕೊಂಡು ಅದನ್ನೂ ಇಟ್ರು, ಮೊಮ್ಮಗಳು ಬಂದ್ರೆ ಕೊಡಕ್ಕೆ. ಲಂಡನ್‌ನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಶುರು ಮಾಡಿದ ಸಿಸಿಲಿ ಸಾಂಡರ್ಸ್, ನೋವು ಅಂದ್ರೆ ಮೈದು ಮಾತ್ರ ಅಲ್ಲ, ಮನಸ್ಸಿಂದು, ಸಂಬಂಧಗಳದ್ದು, ನಂಬಿಕೆದು ಎಲ್ಲಾ ಸೇರಿರುತ್ತೆ ಅಂತಿದ್ರು. ಟ್ರೇನಿಂಗಲ್ಲಿ ಕೇಳಿದ್ದೆ, ಅರ್ಥ ಆಗಿದ್ದು ಆ ನೋಟು ಒಳಗೆ ಹೋದಾಗ. ತಾತ ಈಗಿಲ್ಲ. ಮನೆಯೋರು ಎರಡನೇ ಅಂಗೀನ ವಾಪಸ್ ಕೊಟ್ರು, ಒಗೆದು ಪಕ್ಕದ ವಾರ್ಡಿನ ಒಬ್ರು ಹಾಕ್ಕೊಳ್ತಿದಾರೆ.

ಈಗ ಕೈಲಿರೋದು ಹೆಂಗಸರ ಬಟ್ಟೆ. ಒಬ್ರು ಅಜ್ಜಿ ನೈಟಿ ಬೇಡವೇ ಬೇಡ ಅಂತಾರೆ, "ಅಳಿಯ ಬಂದ್ರೆ ಇದ್ರಲ್ಲಿ ಹೆಂಗೆ ಮಲ್ಗಿರ್ಲಿ ಕಣೇ" ಅಂತ ಸಂಕೋಚ, ಯಾರಾದ್ರೂ ಬಂದ್ರೆ ಬೆಡ್‌ಶೀಟ್ ಕತ್ತಿನವರೆಗೂ ಎಳ್ಕೊಂಡ್ಬಿಡ್ತಾರೆ. ಅದಕ್ಕೆ ನೈಟಿ ಎಡಭುಜಕ್ಕೆ ತೆಳ್ಳನೆ ಸೆರಗು ಸೇರಿಸಿ, ಬಲಗಡೆ ಸೊಂಟದ ಹತ್ರ ಲಾಡೀಲಿ ಕಟ್ಟೋ ಹಾಗೆ ಕಟಿಂಗ್ ಮಾಡಿದೀನಿ. ಮಲಗಿದಾಗ ಸೆರಗು ಬೆನ್ನಿನ ಕೆಳಗೆ ಸಿಕ್ಕಿ ಮಡಿಕೆ ಆಗ್ಬಾರ್ದು, ಅದೊಂದು ಇನ್ನೂ ಬಗೆಹರಿದಿಲ್ಲ, ಈ ಶನಿವಾರ ಅಜ್ಜಿಗೇ ಹಾಕ್ಸಿ ನೋಡ್ಬೇಕು. ಮಲ್ ಕಾಟನ್ ಹಳೇ ಸೀರೆ ಇದ್ದೋರು ಗಂಜಿ ಹಾಕ್ದೆ ಒಗೆದು ಕೊಡಿ, ಸಣ್ಣ ಹೂವಿನ ಪ್ರಿಂಟ್ ಇದ್ರೆ ಅಜ್ಜಿಗೆ ಇಷ್ಟ, ಸಿಂಥೆಟಿಕ್ ಮಾತ್ರ ಬೇಡ.