ಬಂಗಾರ, ಭಂಗಾರ

ಬೆಳಗಾವಿಯಲ್ಲಿ ಗುಜರಿಗೆ ಭಂಗಾರ ಎನ್ನುತ್ತೇವೆ. ಮರಾಠಿಯ ಮಾತು, ಆದರೆ ಇಲ್ಲಿ ಕನ್ನಡದವರ ಬಾಯಲ್ಲೂ ಅದೇ. ಸರಾಫರ ಬಂಗಾರಕ್ಕೂ ಉದ್ಯಮಬಾಗದ ಭಂಗಾರಕ್ಕೂ ನಡುವೆ ಇರುವುದು ಒಂದು ಮಹಾಪ್ರಾಣ. ಅವಸರದ ಮಾತಿನಲ್ಲಿ ಅದೂ ಬಿದ್ದುಹೋಗುತ್ತದೆ. ಮದುವೆಯಾದ ಹೊಸತರಲ್ಲಿ ಹೆಂಡತಿಯ ಸೋದರಮಾವ ನನ್ನ ಕೆಲಸವೇನೆಂದು ಕೇಳಿದರು. “ದಿನಕ್ಕೆ ಐದಾರು ಟನ್ ಭಂಗಾರ ಕರಗಿಸುತ್ತೇನೆ” ಎಂದೆ. ವಿಜಯಪುರ ಕಡೆಯವರು, ಪಾಪ. ಸ್ವಲ್ಪ ಹೊತ್ತು ನನ್ನನ್ನು ಬಹಳ ಗೌರವದಿಂದ ನೋಡಿದರು.

ಇಪ್ಪತ್ತಾರು ವರ್ಷಗಳಿಂದ ಖಾನಾಪುರ ರಸ್ತೆಯ ಪಕ್ಕದ ಫೌಂಡ್ರಿಯೊಂದರಲ್ಲಿ ಕುಲುಮೆ ಕಾಯುತ್ತಿದ್ದೇನೆ. ನಮ್ಮಲ್ಲಿಗೆ ಬರುವ ಕಾಲೇಜು ಹುಡುಗರಿಂದ ಹಿಡಿದು ಲಾರಿ ಚಾಲಕರವರೆಗೆ ಎಲ್ಲರೂ ನಂಬಿರುವ ಒಂದು ಮಾತಿದೆ: ಬೆಂಕಿಗೆ ಬಿದ್ದ ಮೇಲೆ ಎಲ್ಲವೂ ಶುದ್ಧ. ಪುಟಕ್ಕಿಟ್ಟ ಚಿನ್ನದ ಮಾತು ಕೇಳಿ ಬೆಳೆದವರಲ್ಲವೇ. ಚಿನ್ನದ ಮಟ್ಟಿಗೆ ಅದು ನಿಜ. ಎಷ್ಟು ಕಾಯಿಸಿದರೂ ಚಿನ್ನ ಗಾಳಿಗೆ ಸೋಲುವುದಿಲ್ಲ. ಅದರೊಳಗಿನ ತಾಮ್ರ, ಸೀಸಗಳು ಆಮ್ಲಜನಕ ಹೀರಿ ಕಿಟ್ಟವಾಗಿ ಹೊರಬೀಳುತ್ತವೆ. ಕಬ್ಬಿಣದ ಕಥೆ ತಿರುಗುಮುರುಗು. ಕಬ್ಬಿಣಕ್ಕೆ ತಾಮ್ರ ಸೇರಿದರೆ ಗಾಳಿಗೆ ಮೊದಲು ಸುಡುವುದು ಕಬ್ಬಿಣವೇ, ತಾಮ್ರ ತಣ್ಣಗೆ ಒಳಗೆ ಕುಳಿತಿರುತ್ತದೆ. ತವರವೂ ಹಾಗೆಯೇ. ಹಳೆಯ ಮೋಟಾರನ್ನು ಸುರುಳಿ ಬಿಚ್ಚದೆ ಕುಲುಮೆಗೆ ಹಾಕಿದರೆ ಆ ತಾಮ್ರವನ್ನು ಆಮೇಲೆ ತೆಗೆಯಲು ನನಗಂತೂ ದಾರಿಯಿಲ್ಲ. ಎರಕದವರಾದ ನಾವು ಗಟ್ಟಿತನಕ್ಕೆಂದು ಒಮ್ಮೊಮ್ಮೆ ತಾಮ್ರವನ್ನು ಬೇಕೆಂದೇ ಹಾಕುತ್ತೇವೆ, ಅದು ಬೇರೆ ಮಾತು. ಅದೇ ಲೋಹ ಉಕ್ಕಿನ ಹಾಳೆ ಎಳೆಯುವವರಿಗೆ ಶತ್ರು: ಬಿಸಿಯಲ್ಲಿ ಮೇಲ್ಮೈಯ ಕಬ್ಬಿಣ ಹೊಪ್ಪಳಿಕೆಯಾಗಿ ಉದುರುತ್ತದೆ, 1085 ಡಿಗ್ರಿಗೇ ಕರಗುವ ತಾಮ್ರ ಅಲ್ಲಿ ಮಡುಗಟ್ಟಿ ಉಕ್ಕಿನ ಕಣಗಳ ಸಂದಿಗೆ ಇಳಿಯುತ್ತದೆ, ಹಾಳೆ ಬಿರಿಯುತ್ತದೆ.

ನನ್ನ ಸೊಕ್ಕು ಮುರಿದದ್ದು ತಾಮ್ರವಲ್ಲ, ಸೀಸ.

ಆರು ವರ್ಷಗಳ ಹಿಂದಿನ ಆಷಾಢ. ಬೆಳಗಾವಿಯ ಮಳೆ ಗೊತ್ತಲ್ಲ, ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಒದ್ದೆ ಭಂಗಾರವನ್ನು ಕರಗಿದ ಕಬ್ಬಿಣಕ್ಕೆ ಹಾಕಿದರೆ ನೀರು ಕ್ಷಣದಲ್ಲಿ ಆವಿಯಾಗಿ ಸ್ಫೋಟವಾಗುತ್ತದೆ. ಹಾಗಾಗಿ ಒಣ ಮಾಲಿಗೆ ಪರದಾಡುತ್ತಿದ್ದೆವು. ಆಗ ಒಬ್ಬ ವ್ಯಾಪಾರಿ ತಾಡಪಾಲು ಮುಚ್ಚಿದ ಟೆಂಪೊದಲ್ಲಿ ಲೇಥಿನ ಚೂರು ತಂದ. ನಮ್ಮೂರಿನಲ್ಲಿ ಹೈಡ್ರಾಲಿಕ್ ಬಿಡಿಭಾಗ ಕಡೆಯುವ ಕಾರ್ಖಾನೆಗಳಿಗೆ ಬರವಿಲ್ಲ, ಅಲ್ಲಿಯದೇ ಮಾಲು. ಒಣಗಿತ್ತು, ಎಣ್ಣೆಯಿರಲಿಲ್ಲ, ಬೆಳ್ಳಗೆ ಹೊಳೆಯುತ್ತಿತ್ತು. ಚುಂಬಕ ಹಿಡಿದೆ, ಮುಷ್ಟಿಗಟ್ಟಲೆ ಅಂಟಿತು. ತುಸು ವಿಚಿತ್ರ ಕಂಡದ್ದು ಒಂದೇ: ಉದ್ದನೆಯ ಸುರುಳಿಗಳಿಲ್ಲ, ಎಲ್ಲವೂ ಅವಲಕ್ಕಿಯಂತೆ ಚಿಕ್ಕ ಚಿಕ್ಕ ಚೂರು. ಒಳ್ಳೆಯದೇ ಆಯಿತು, ಕುಲುಮೆಗೆ ಸುರಿಯಲು ಸುಲಭ ಎಂದುಕೊಂಡೆ. ಆ ಅವಲಕ್ಕಿಯೇ ಸುಳಿವು ಕೊಡುತ್ತಿತ್ತು, ನನಗೆ ಓದಲು ಬರಲಿಲ್ಲ.

ಅದು ಸೀಸ ಬೆರೆಸಿದ ಉಕ್ಕು. ಲೇಥಿನಲ್ಲಿ ಬೇಗ ಕಡೆಯಲು, ಚೂರು ತುಂಡಾಗಿ ಉದುರಲೆಂದೇ ಅದಕ್ಕೆ ಶೇಕಡಾ 0.15ರಿಂದ 0.35ರಷ್ಟು ಸೀಸ ಹಾಕಿರುತ್ತಾರೆ. ಚುಂಬಕಕ್ಕೆ ಅದು ಕಾಣಿಸುವುದಿಲ್ಲ, ಕಣ್ಣಿಗೂ ಇಲ್ಲ.

ಅವತ್ತು ಸುರಿಯುತ್ತಿದ್ದುದು ಎಸ್‌ಜಿ ಕಬ್ಬಿಣ, ಅಂದರೆ ಗ್ರಾಫೈಟು ಉಂಡೆ ಕಟ್ಟಿದ (ಸ್ಫೆರಾಯ್ಡಲ್ ಗ್ರಾಫೈಟ್) ಬೀಡು. ಮಾಮೂಲಿ ಬೀಡಿನಲ್ಲಿ ಗ್ರಾಫೈಟು ಎಲೆಯಂತೆ ಹರಡಿರುತ್ತದೆ, ಪೆಟ್ಟು ಬಿದ್ದರೆ ಆ ಎಲೆಯ ಅಂಚಿನಿಂದಲೇ ಬಿರುಕು ಹೊರಡುತ್ತದೆ. ಬಕೆಟ್ಟಿನ ತಳದಲ್ಲಿ ಮೆಗ್ನೀಸಿಯಂ ಮಿಶ್ರಣವಿಟ್ಟು ಮೇಲೆ ಕಬ್ಬಿಣ ಸುರಿದರೆ, ಕಣ್ಣು ಕೋರೈಸುವ ಬೆಳಕೊಂದು ಎದ್ದು, ಎಲೆಗಳು ಸಾಸಿವೆಯಂಥ ಉಂಡೆಗಳಾಗುತ್ತವೆ. ಆಗ ಬೀಡು ಮುರಿಯುವ ಬದಲು ಬಾಗಲು ಕಲಿಯುತ್ತದೆ. ಈ ಉಂಡೆ ಕಟ್ಟುವುದನ್ನು ಕೆಡಿಸಲು ಶೇಕಡಾ 0.01ಕ್ಕಿಂತ ಕಡಿಮೆ ಸೀಸವೇ ಸಾಕು. ನನ್ನದು 500 ಕಿಲೋ ಕುಲುಮೆ, ಹಾಕಿದ ಚೂರು 60 ಕಿಲೋ. ಶೇಕಡಾ 0.25 ಎಂದೇ ಹಿಡಿಯಿರಿ, 150 ಗ್ರಾಂ ಸೀಸ. ಅರ್ಧ ಹೊಗೆಯಾಗಿ ಹೋಯಿತೆಂದರೂ (ಹೋದದ್ದು ನಮ್ಮ ಎದೆಗೂಡಿಗೆ, ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ) ಉಳಿದದ್ದು ಶೇಕಡಾ 0.015. ಕೊಡ ಹಾಲಿಗೆ ಎಷ್ಟು ಹುಳಿ ಬೇಕು?

ಮರುದಿನ ಬೆಳಿಗ್ಗೆ ಮರಳು ಉದುರಿಸಿದ ಬ್ರಾಕೆಟ್ಟುಗಳನ್ನು ಎಂದಿನಂತೆ ಸುತ್ತಿಗೆಯಿಂದ ತಟ್ಟುತ್ತಾ ಬಂದೆ. ಒಳ್ಳೆಯ ಎಸ್‌ಜಿ ಗುಡಿಯ ಗಂಟೆಯ ಹಾಗೆ ಠಣ್ ಎಂದು ಎಳೆಯುತ್ತದೆ. ಮೊದಲನೆಯದು ಡಬ್ ಎಂದಿತು. ಎರಡನೆಯದೂ ಡಬ್. ಐದನೆಯದಕ್ಕೆ ಬರುವಾಗ ನನ್ನ ಕೈ ತಣ್ಣಗಾಗಿತ್ತು. ಒಂದನ್ನು ಒಡೆಸಿದೆ, ರಸ್ಕಿನಂತೆ ಮುರಿಯಿತು. ಬೆಳ್ಳಿಯ ಬಣ್ಣ ಇರಬೇಕಾದ ಒಳಮೈ ಒಲೆಯ ಮಸಿಯಂತೆ ಕಪ್ಪಗಿತ್ತು. ಮೊದಲು ಮೆಗ್ನೀಸಿಯಂ ಹಾಕಿದ ಹುಡುಗನನ್ನು ಬೈದೆ. ಅವನದೇನೂ ತಪ್ಪಿರಲಿಲ್ಲ. ಲೋಹದಲ್ಲಿ ಏನೇನು ಎಷ್ಟಿದೆ ಎಂದು ಹೇಳುವ ಸ್ಪೆಕ್ಟ್ರೋಮೀಟರಿನ ವರದಿ ಬಂದು ಸೀಸ ಸಿಕ್ಕಿಬಿದ್ದಾಗ ಸಂಜೆಯಾಗಿತ್ತು. ಅವನಿಗೆ ಚಹಾ ಕುಡಿಸಿದೆ, ಕ್ಷಮೆ ಕೇಳಲು ಮಾತ್ರ ಎರಡು ದಿನ ಹಿಡಿಯಿತು. ಒಟ್ಟು 86 ಬ್ರಾಕೆಟ್ಟು. ಅವು ಟ್ರಕ್ಕಿನ ಅಡಿಗೆ ಹೋಗುವಂಥವು.

ಅಂದಿನಿಂದ ಲೇಥಿನ ಚೂರು ಬಂದರೆ ಯಾವ ಕಾರ್ಖಾನೆಯದು, ಯಾವ ದರ್ಜೆಯ ಉಕ್ಕು ಎಂಬ ಚೀಟಿಯಿಲ್ಲದೆ ಗೇಟು ದಾಟಿಸುವುದಿಲ್ಲ. ಚಕ್ರದ ರಿಮ್ಮುಗಳು ಬಂದರೆ ಅಂಚಿಗೆ ಸಿಕ್ಕಿಸಿದ ತೂಕದ ಬಿಲ್ಲೆಗಳನ್ನು ನಾನೇ ಕೀಳುತ್ತೇನೆ, ಅವೂ ಅನೇಕ ವೇಳೆ ಸೀಸವೇ. ಸತು ಬಳಿದ ತಗಡು ಪ್ರತ್ಯೇಕ. ಅದರ ಬಿಳಿ ಹೊಗೆ ಕುಡಿದವನಿಗೆ ರಾತ್ರಿ ಚಳಿಜ್ವರ ಬರುತ್ತದೆ, ಬೆಲ್ಲ ತಿಂದರೆ ಹೋಗುತ್ತದೆ ಎನ್ನುತ್ತಾರೆ. ಬೆಲ್ಲ ನನಗೂ ಇಷ್ಟ, ಆದರೆ ಹೊಗೆ ಎಳೆಯುವ ಫ್ಯಾನು ನೆಟ್ಟಗಿದ್ದರೆ ಇನ್ನೂ ಇಷ್ಟ. ಚುಂಬಕಕ್ಕೆ ಅಂಟಿದ್ದೆಲ್ಲ ಕಬ್ಬಿಣವೇ ಅಲ್ಲವೇ ಎಂದು ವ್ಯಾಪಾರಿಗಳು ಗೊಣಗುತ್ತಾರೆ. ಕಿಲೋಗೆ ಒಂದೆರಡು ರೂಪಾಯಿ ಹೆಚ್ಚು ಕೇಳುತ್ತಾರೆ. ಕೊಡಿ ಎಂದು ಮಾಲೀಕರಿಗೆ ಹೇಳುತ್ತೇನೆ. ಅವರು ಆ 86ನ್ನು ಎಣಿಸಿದವರು, ಕೊಡುತ್ತಾರೆ.

ಆ ಬ್ರಾಕೆಟ್ಟುಗಳದೇ ದೊಡ್ಡ ತಲೆನೋವಾಯಿತು. ಕೆಟ್ಟ ಎರಕವನ್ನು ನಾವು ಮತ್ತೆ ಕುಲುಮೆಗೇ ಹಾಕುವುದು ರೂಢಿ. ಇವನ್ನು ಹಾಕಿದರೆ ಸೀಸ ಮತ್ತೆ ಒಳಕ್ಕೆ. ಕೊಳ್ಳಲು ಇಬ್ಬರು ವ್ಯಾಪಾರಿಗಳು ಬಂದಿದ್ದರು, ಮೊದಲ ದರ್ಜೆಯ ಬೀಡು ಎಂದು ದರವನ್ನೂ ಹೇಳಿದರು. ಮಾರಿದರೆ ಅದು ಇದೇ ರಸ್ತೆಯ ಇನ್ನೊಂದು ಫೌಂಡ್ರಿಗೆ ಹೋಗುತ್ತದೆ, ಅಲ್ಲಿಯೂ ಒಬ್ಬ ಹುಡುಗ ಬೈಸಿಕೊಳ್ಳುತ್ತಾನೆ. ಕೆಂಪು ಬಣ್ಣ ಬಳಿದು ಮರಳಿನ ಗುಡ್ಡೆಯ ಹಿಂದೆ ಒಟ್ಟಿಸಿದೆ. ಬರೀ ಭಾರಕ್ಕೆಂದು ಬೇಕಾಗುವ ತೂಕದ ಗಟ್ಟಿಗಳನ್ನು ಸುರಿಯುವ ದಿನ ಮಾತ್ರ, ಫ್ಯಾನು ಜೋರು ಮಾಡಿ, ಒಂದೊಂದನ್ನೇ ಹಾಕುತ್ತೇನೆ. ಅಂಥ ದಿನ ವರ್ಷಕ್ಕೆ ಹತ್ತು ಬಂದರೆ ಹೆಚ್ಚು. ನಿನ್ನೆ ಎಣಿಸಿದೆ, ಇನ್ನೂ 31 ಉಳಿದಿವೆ.