ಜಾತ್ರೆಯ ದಿನವೂ ಕಿತ್ತ ಕಾಯಿ

ನಾನು ಹೊರಟದ್ದು ಮಧುಗಿರಿಯ ಬೆಟ್ಟ ಹತ್ತಲು. ಬರೆಯಲು ಕುಳಿತಿರುವುದು ಕಿರುಬೆರಳಿನ ಗಾತ್ರದ ಒಂದು ಸೌತೆಕಾಯಿಯ ಬಗ್ಗೆ. ಸುಮಾರು 3,900 ಅಡಿ ಎತ್ತರದ ಆ ಏಕಶಿಲೆಯ ಕೋಟೆಯನ್ನು ವರ್ಣಿಸಿದವರು ಬೇಕಾದಷ್ಟು ಮಂದಿ ಇದ್ದಾರೆ. ನನ್ನ ಪಾಲಿನ ಅನುಭವ ಇಷ್ಟೇ: ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಆಸೆಗೆ ಒಂದು ಗಂಟೆ ಕಳೆದು, ಹತ್ತೂವರೆಗೆ ಒಂದೇ ಬಾಟಲಿ ನೀರಿನೊಂದಿಗೆ ಹತ್ತತೊಡಗಿದೆ; ಅಷ್ಟರಲ್ಲಿ ಬಂಡೆ ಕಾದ ಕಾವಲಿಯಾಗಿದ್ದರಿಂದ ಮುಕ್ಕಾಲು ದಾರಿಯಲ್ಲೇ ಹಿಂದಿರುಗಿದೆ. ಏಳು ಗಂಟೆಗೆ ಬುಡದಲ್ಲಿರಿ, ಇಡ್ಲಿಯನ್ನು ಇಳಿದು ಬಂದ ಮೇಲೆ ತಿನ್ನಿ.

ಇನ್ನೊಂದು ಮಾತು: ಕೊರಟಗೆರೆಯ ಕಡೆಗೆ ಆಟೋ ಹತ್ತುವ ಮುನ್ನ ಸ್ಟೆಪ್ನಿ ಇದೆಯೇ ಎಂದು ಕೇಳಿಕೊಳ್ಳಿ. ನಾನು ಹತ್ತಿದ್ದರಲ್ಲಿ ಇರಲಿಲ್ಲ. ಗಾಲಿ ಪಂಕ್ಚರ್ ಆಗಿ, ಚಾಲಕ ಅದನ್ನು ಯಾರದೋ ಬೈಕಿನಲ್ಲಿ ಹೊತ್ತು ಹೋದ ಮೇಲೆ ನೆರಳು ಹುಡುಕಿಕೊಂಡು ರಸ್ತೆಬದಿಯ ತಗಡಿನ ಶೆಡ್ಡೊಂದರ ಕೆಳಗೆ ಕುಳಿತೆ. ಒಬ್ಬೊಬ್ಬರಾಗಿ ಹೆಂಗಸರು ಚೀಲ ಹೊತ್ತು ಬಂದು, ಎಳೆ ಹಸಿರು ಬಣ್ಣದ, ಮುಳ್ಳುಮುಳ್ಳಾದ ಸಣ್ಣ ಕಾಯಿಗಳನ್ನು ಟಾರ್ಪಾಲಿನ ಮೇಲೆ ಸುರಿಯುತ್ತಿದ್ದರು. ದೂರದಿಂದ ತೊಂಡೆಕಾಯಿ ಎಂದುಕೊಂಡಿದ್ದೆ. ಹತ್ತಿರ ಹೋದಾಗ, ‘ಮಿಡಿಸೌತೆ, ಕಂಪನಿ ಕಾಯಿ’ ಎಂದು ನಡುವಯಸ್ಸಿನ ಒಬ್ಬಾಕೆ ನಕ್ಕರು. ತೂಕದ ಹುಡುಗ ಅದನ್ನೇ ಗರ್ಕಿನ್ ಎಂದ; ಕಂಪನಿ ಕೊಂಡು ಉಪ್ಪಿನಕಾಯಿಗೆಂದು ಪರದೇಶಕ್ಕೆ ಕಳಿಸುವ ಎಳೆ ಸೌತೆ.

ನನ್ನನ್ನು ಅಲ್ಲೇ ಕಟ್ಟಿಹಾಕಿದ್ದು ಅವರ ಕೈ. ಮಾತಾಡುತ್ತಲೇ, ಕಾಯಿಯ ಕಡೆ ಕಣ್ಣು ಹಾಯಿಸದೆಯೇ, ಬೆರಳಿನ ಸ್ಪರ್ಶದಿಂದಲೇ ನಾಲ್ಕು ಗುಡ್ಡೆ ಮಾಡುತ್ತಿದ್ದರು. ಕೆ.ಜಿ.ಗೆ 160ಕ್ಕಿಂತ ಹೆಚ್ಚು ಕಾಯಿ ತೂಗುವುದು ಮೊದಲ ದರ್ಜೆ. 100ರಿಂದ 160ರವರೆಗಿನದು ಎರಡನೆಯದು. ಅಲ್ಲಿಂದ ಕೆಳಗೆ 60, ಆಮೇಲೆ 30. ನಮ್ಮ ಸಂತೆಯಲ್ಲಿ ಕಾಯಿ ದಪ್ಪವಾದಷ್ಟೂ ರೈತನಿಗೆ ಲಾಭ. ಇಲ್ಲಿ ಕಿರಿದಾದಷ್ಟೂ ಬೆಲೆ ಹೆಚ್ಚು. ಬಿತ್ತಿದ ಒಂದು ತಿಂಗಳು ಚಿಲ್ಲರೆ ದಿನಕ್ಕೆ ಬಳ್ಳಿ ಕಾಯಿ ಹಿಡಿಯುತ್ತದೆ, ಮೂರು ತಿಂಗಳಿಗೆ ಬೆಳೆಯೇ ಮುಗಿಯುತ್ತದೆ. ನಡುವಿನ ಅವಧಿಯಲ್ಲಿ ದಿನ ಬಿಡದೆ ಕೀಳಬೇಕು. ಎಲೆಯ ಮರೆಯಲ್ಲಿ ಕಣ್ತಪ್ಪಿ ಉಳಿದ ಮೊದಲ ದರ್ಜೆಯ ಕಾಯಿ ಬೆಳಗಾಗುವಷ್ಟರಲ್ಲಿ ದರ್ಜೆ ಕಳೆದುಕೊಂಡಿರುತ್ತದೆ.

‘ದಂಡಿನ ಮಾರಮ್ಮನ ಜಾತ್ರೆ ದಿವ್ಸಾನೂ ಕಾಯಿ ಕಿತ್ತು ತೂಕಕ್ಕೆ ಹಾಕೇ ಹೋಗಿದ್ದು ನಾವು. ಅಷ್ಟೊತ್ತಿಗೆ ತೇರು ಎಳೆದಾಗಿತ್ತು’ ಎಂದರು ಆಕೆ. ದನಿಯಲ್ಲಿ ದೂರಿರಲಿಲ್ಲ, ಹವಾಮಾನದ ಸುದ್ದಿ ಹೇಳಿದಂತಿತ್ತು. ಪರದೇಶದ ಯಾವುದೋ ಗಾಜಿನ ಜಾಡಿಯ ಬಾಯಿಯ ಅಳತೆ ಮಧುಗಿರಿ ಸೀಮೆಯ ಹೆಣ್ಣುಮಗಳೊಬ್ಬಳ ಹಬ್ಬದ ಹೊತ್ತನ್ನು ಗೊತ್ತುಮಾಡುತ್ತದೆಂದು ನಾನು ಯೋಚಿಸಿಯೂ ಇರಲಿಲ್ಲ.

ನಾನು ಮರುಕ ತೋರಿದ್ದು ಅವರಿಗೆ ಹಿಡಿಸಲಿಲ್ಲ. ಮಳೆಯನ್ನೇ ನೆಚ್ಚಿ ಕಡಲೆಕಾಯಿ ಬೆಳೆದ ವರ್ಷಗಳಲ್ಲಿ ಬಿತ್ತನೆ ಬೀಜದ ಹಣವೂ ಹುಟ್ಟದೆ ಗಂಡ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುತ್ತಿದ್ದರಂತೆ. ಈಗ ಅರ್ಧ ಎಕರೆಯ ಮಿಡಿಸೌತೆ ಅವರನ್ನು ಊರಲ್ಲೇ ಉಳಿಸಿದೆ, ಮಗಳ ಕಾಲೇಜಿನ ಶುಲ್ಕ ಕಟ್ಟಿದೆ. ಬೀಜ, ಗೊಬ್ಬರ, ಔಷಧಿಯನ್ನು ಕಂಪನಿಯೇ ಸಾಲವಾಗಿ ಕೊಟ್ಟು ಲೆಕ್ಕದಲ್ಲಿ ಮುರಿದುಕೊಳ್ಳುತ್ತದೆ. ಸಿಟ್ಟಿದ್ದದ್ದು ಬೇರೆ ಎರಡು ವಿಷಯಗಳಿಗೆ: ಬಟವಾಡೆ ಹೇಳಿದ ದಿನಕ್ಕೆ ಬರುವುದಿಲ್ಲ, ಸೊಟ್ಟಗಿನ ಕಾಯಿಗೆ ಬಿಡಿಗಾಸೂ ಇಲ್ಲ. ‘ಸೊಟ್ಟಗಿದ್ರೆ ರುಚಿ ಬೇರೆ ಆಗ್ತದಾ?’ ಎಂದು ಕೇಳಿದರು. ತೂಕದ ಹುಡುಗ ತಲೆಯೆತ್ತಲಿಲ್ಲ.

ಅವನೇ ಆಮೇಲೆ ವಿವರಿಸಿದ: ಕಾಯಿ ಇಲ್ಲಿಂದ ಕಾರ್ಖಾನೆಗೆ ಹೋಗಿ, ತೊಳೆದು, ಉಪ್ಪುನೀರು ಇಲ್ಲವೇ ವಿನೆಗರ್ ತುಂಬಿದ ಡ್ರಮ್ಮಿಗಿಳಿದು, ಚೆನ್ನೈ ಬಂದರಿನಲ್ಲಿ ಹಡಗು ಹತ್ತುತ್ತದೆ. ಪಟ್ಟಿಯಲ್ಲಿಲ್ಲದ ಔಷಧಿಯನ್ನು ಒಬ್ಬ ರೈತ ಹೊಡೆದು, ಅದರ ಅಂಶ ಆಚೆಯ ಪರೀಕ್ಷೆಯಲ್ಲಿ ಸಿಕ್ಕಿದರೆ ಇಡೀ ಕಂಟೇನರ್ ತಿರಸ್ಕೃತವಾಗಬಹುದು. ನಮ್ಮ ಬಾಯಿಗೆ ಬರುವ ತರಕಾರಿಯನ್ನು ಇಷ್ಟು ಕಟ್ಟುನಿಟ್ಟಾಗಿ ನೋಡುವವರು ಯಾರಿದ್ದಾರೆ ಎನ್ನಿಸಿ ಸ್ವಲ್ಪ ಹೊಟ್ಟೆ ಉರಿಯಿತು.

ಮನೆಗೆ ಬಂದು, ಕೃಷಿ ಸರಕಿನ ರಫ್ತನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಅಪೆಡಾದ ಅಂಕಿಗಳನ್ನು ನೋಡಿದೆ. 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲೇ ಸಣ್ಣದಾಗಿ ತೊಡಗಿದ ಈ ಬೇಸಾಯ ನೆರೆಯ ರಾಜ್ಯಗಳಿಗೂ ಹಬ್ಬಿ, 65,000 ಎಕರೆಯಲ್ಲಿ ಸುಮಾರು 90,000 ಸಣ್ಣ ಹಿಡುವಳಿದಾರರನ್ನು ಒಪ್ಪಂದದೊಳಗೆ ತಂದಿದೆ. 2020–21ರಲ್ಲಿ ಹೊರಗೆ ಹೋದ ಸರಕು 2,23,515 ಟನ್. ಎಕರೆಗೆ ಒಂದು ಬೆಳೆಯಲ್ಲಿ 4 ಟನ್ ಇಳುವರಿ, 80,000 ರೂಪಾಯಿ ಆದಾಯ, ಅದರಲ್ಲಿ ಉಳಿಯುವುದು 40,000 ಎಂಬುದು ಅವರ ಸರಾಸರಿ. ಆಕೆಯ ಅರ್ಧ ಎಕರೆಗೆ ಹೊಂದಿಸಿದರೆ ಮೂರು ತಿಂಗಳ ಉಳಿತಾಯ 20,000 ಆಗುತ್ತದೆ. ಆದರೆ ಗಂಡ, ಹೆಂಡತಿ, ರಜೆಯ ದಿನ ಮಗಳು ಬಗ್ಗಿದ ಸೊಂಟಕ್ಕೆ ಕೂಲಿ ಹಿಡಿದರೆ ಆ ಉಳಿತಾಯದಲ್ಲಿ ಎಷ್ಟು ಉಳಿದೀತೆಂದು ನನಗೆ ಅನುಮಾನ.

ಅದಕ್ಕಿಂತ ಕಾಡಿದ್ದು ನೀರು. ಬರುವಾಗ ದಾಟಿದ ಜಯಮಂಗಲಿಯಲ್ಲಿ ಮರಳೇ ಹರಿಯುತ್ತಿತ್ತು. ಕೊರಟಗೆರೆ, ಮಧುಗಿರಿ ತಾಲ್ಲೂಕುಗಳು ಅಂತರ್ಜಲವನ್ನು ಮಿತಿಮೀರಿ ಎತ್ತಿದ ಪಟ್ಟಿಯಲ್ಲಿರುವಂಥವು. ಆಕೆಯ ಹೊಲದಲ್ಲಿ ಈಗಿರುವುದು ಮೂರನೇ ಬೋರು. ಹನಿ ನೀರಾವರಿ ಇದೆ, ಪೈಪಿನಲ್ಲಿ ಬೆಳಗಿನ ಜಾವ ಮಾತ್ರ ಒತ್ತಡವಿರುತ್ತದಂತೆ. ಸೌತೆಯಲ್ಲಿ ನೂರಕ್ಕೆ 95 ಪಾಲು ನೀರೇ. ಈ ಕಾಯಿಯನ್ನು ಕೊಳ್ಳುವ ದೇಶಗಳ ಹೆಸರು ಓದುವಾಗ, ಹಡಗು ಹತ್ತುತ್ತಿರುವುದು ಆ ಮೂರನೇ ಬೋರಿನ ನೀರೇ ಅಲ್ಲವೇ ಎಂಬ ಲೆಕ್ಕ ತಲೆಯಿಂದ ಹೋಗಲಿಲ್ಲ. ಆಕೆಗೆ ಇದು ತಿಳಿಯದ್ದೇನಲ್ಲ. ‘ನಾಲ್ಕನೇದು ಕೊರೆಸಲ್ಲ’ ಎಂದಷ್ಟೇ ಹೇಳಿದ್ದರು.

ಗಾಲಿ ಬರುವ ಹೊತ್ತಿಗೆ ಅವರು ನನ್ನನ್ನೊಂದು ಪ್ರಶ್ನೆ ಕೇಳಿದರು: ‘ಆ ಜನ ಇದನ್ನ ಯಾವುದರ ಜತೆ ತಿಂತಾರೆ?’ ಬ್ರೆಡ್ಡು, ಮಾಂಸದ ನಡುವೆ ತೆಳ್ಳಗೆ ಹೆಚ್ಚಿ ಇಡುತ್ತಾರೆಂದೆ. ಆರು ವರ್ಷ ಬೆಳೆದರೂ ಅದರ ಉಪ್ಪಿನಕಾಯಿಯನ್ನು ಅವರು ಬಾಯಿಗಿಟ್ಟಿರಲಿಲ್ಲ. ಮುದ್ದೆಗೆ ಮಾವಿನ ಮಿಡಿಯೇ ಸರಿ ಎಂದರು. ಹೊರಡುವಾಗ ಸೊಟ್ಟ ಕಾಯಿಗಳನ್ನು ಬೊಗಸೆಯಷ್ಟು ಕೊಟ್ಟರು. ಆಟೋದಲ್ಲಿ ಒಂದನ್ನು ಕಚ್ಚಿದೆ: ಸಪ್ಪೆ, ತೊಟ್ಟಿನ ಬಳಿ ತುಸು ಕಹಿ. ಇನ್ನೊಂದನ್ನು ಚಾಲಕನ ಕಡೆ ಚಾಚಿದೆ.

‘ಬ್ಯಾಡ ಸಾರ್, ಮಡಿಕ್ಕೊಳಿ. ನಮ್ಮನೆ ಮೇಕೆಗೆ ದಿನಾ ಅದೇ’ ಎಂದ.