ತಳದಲ್ಲಿ ಕೂತಿದ್ದ ಔಷಧ

ಜೀವಕೋಶಗಳನ್ನು ಪ್ಲೇಟಿನಲ್ಲಿ ಬೆಳೆಸಿ, ಔಷಧವಾಗಬಹುದಾದ ಅಣುಗಳನ್ನು ಅವುಗಳ ಮೇಲೆ ಪರೀಕ್ಷಿಸುವುದು ನನ್ನ ಕೆಲಸ. ಸೇರಿದ ಹೊಸತರಲ್ಲಿ ಒಂದು ಅಣುವಿನ ಜೊತೆ ಮೂರು ವಾರ ಒದ್ದಾಡಿದೆ. ಮೊದಲು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ) ಇಲ್ಲದ ಮೀಡಿಯಂ, ಅಂದರೆ ಕೋಶಗಳು ಬೆಳೆಯುವ ಪೋಷಕ ದ್ರವ, ಬಳಸಲು ಶುರುಮಾಡಿದ ಮೇಲೆ ಸುಮ್ಮನಾಗಿಬಿಟ್ಟಿತು. ಡೋಸ್ ಜಾಸ್ತಿ ಮಾಡಿದರೂ ಅಷ್ಟೇ. ಪರಿಣಾಮವಿಲ್ಲ ಎಂದು ವರದಿ ಬರೆಯಲು ಕೂತೆ.

ಸೀನಿಯರ್ ಒಬ್ಬರು ಬಂದು, "ಪ್ಲೇಟನ್ನ ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರಾ?" ಎಂದು ಕೇಳಿದರು. ನೋಡಿದರೆ ಕೋಶಗಳ ನಡುವೆ ಸೂಜಿಯಂಥ ಹರಳುಗಳು! ಔಷಧ ಕೋಶದ ಒಳಗೆ ಹೋಗಿರಲೇ ಇಲ್ಲ, ತಳದಲ್ಲಿ ಕೂತಿತ್ತು. ಕೆಲಸ ಮಾಡದಿರುವುದೂ ತಲುಪದಿರುವುದೂ ಬೇರೆ ಬೇರೆ ಅಲ್ವಾ? ಅದನ್ನು ನಾನು ಯೋಚಿಸಿಯೇ ಇರಲಿಲ್ಲ.

ಕಾರಣ ಪೋಲಾರಿಟಿ, ಅಂದರೆ ಅಣುವಿನ ಒಂದು ಕಡೆ ಸ್ವಲ್ಪ ಋಣ, ಇನ್ನೊಂದು ಕಡೆ ಸ್ವಲ್ಪ ಧನ ವಿದ್ಯುದಂಶ ಇರುವುದು. ನೀರಿನ ಅಣುವಿನಲ್ಲಿ ಆಕ್ಸಿಜನ್ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಅದರ ಕಡೆ ಸ್ವಲ್ಪ ಋಣ, ಹೈಡ್ರೋಜನ್‌ಗಳ ಕಡೆ ಸ್ವಲ್ಪ ಧನ. ಅಣು ಸುಮಾರು 104.5 ಡಿಗ್ರಿಗೆ ಬಾಗಿರುವುದೂ ಅಷ್ಟೇ ಮುಖ್ಯ. ಕಾರ್ಬನ್ ಡೈಆಕ್ಸೈಡಿನಲ್ಲೂ ಆಕ್ಸಿಜನ್ ಎಳೆಯುತ್ತದೆ. ಆದರೆ ಆ ಅಣು ನೇರ ಗೆರೆಯಂತಿದೆ, ಎರಡು ಕಡೆಯ ಎಳೆತ ಸರಿಸಮವಾಗಿ ರದ್ದಾಗುತ್ತದೆ. ನೀರಿನ ಅಣುಗಳು ಮಾತ್ರ ಒಂದರ ಕೈ ಇನ್ನೊಂದು ಹಿಡಿದೇ ಇರುತ್ತವೆ. ನನ್ನ ಅಣುವಿನಲ್ಲಿ ಹೆಚ್ಚಿನದೆಲ್ಲ ಕಾರ್ಬನ್, ಹೈಡ್ರೋಜನ್. ಆ ಗುಂಪಿಗೆ ಕೊಡಲು ಅದಕ್ಕೆ ಕೈ ಇರಲಿಲ್ಲ. ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಸಲೀಸಾಗಿ ಕರಗಿದ್ದ ಅಣುಗಳು, ಮೀಡಿಯಂಗೆ ಬಿದ್ದಾಗ ತಮ್ಮತಮ್ಮಲ್ಲೇ ಅಂಟಿಕೊಂಡು ಹರಳಾದವು.

ಹಾಗಾದರೆ ಮೊದಲು ಹೇಗೆ ಕೆಲಸ ಮಾಡುತ್ತಿತ್ತು? ನನಗೆ ಇಂದಿಗೂ ಬೆರಗು ಹುಟ್ಟಿಸುವುದು ಇದೇ. ಸೀರಮ್‌ನಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಇದೆ. ಅದರ ಹೊರಮೈಯಲ್ಲಿ ನೀರಿಗೆ ಒಗ್ಗುವ ಪೋಲಾರ್ ಅಮೈನೋ ಆಮ್ಲಗಳೇ ಜಾಸ್ತಿ. ಒಳಗೆ ಎಣ್ಣೆಯಂಥ ಅಣುಗಳು ಕೂರುವ ಜೇಬುಗಳಿವೆ. ರಕ್ತದಲ್ಲಿ ಕೊಬ್ಬಿನ ಆಮ್ಲಗಳನ್ನು ಅದು ಹೊತ್ತೊಯ್ಯುವುದು ಹೀಗೆಯೇ. ನನ್ನ ಅಣುವೂ ಆ ಜೇಬಿನಲ್ಲಿ ಕೂತು ಕೋಶದ ತನಕ ಬರುತ್ತಿತ್ತು. ಸೀರಮ್ ತೆಗೆದಾಗ ನಾನು ದೋಣಿಯನ್ನೇ ತೆಗೆದುಬಿಟ್ಟಿದ್ದೆ.

ಹಾಗಂತ ಅಣುವನ್ನು ಪೂರ್ತಿ ಪೋಲಾರ್ ಮಾಡಿದರೂ ಕಷ್ಟ. ಕೋಶದ ಪೊರೆಯಲ್ಲಿ ಫಾಸ್ಫೋಲಿಪಿಡ್‌ಗಳ ತಲೆ ನೀರಿನತ್ತ, ಬಾಲ ಒಳಗೆ. ನಡುವಿನ ಎಣ್ಣೆಯಂಥ ಪದರವನ್ನು ದಾಟಲು ಗ್ಲೂಕೋಸ್‌ಗೂ ಸಾಗಿಸುವ ಪ್ರೋಟೀನ್ ಬೇಕು. ಈ ತೂಗಾಟವನ್ನು ನಾವು ಲಾಗ್‌ಪಿ ಎಂಬ ಸಂಖ್ಯೆಯಲ್ಲಿ ನೋಡುತ್ತೇವೆ. ಅಣು ಆಕ್ಟನಾಲ್ ಎಂಬ ಎಣ್ಣೆಯಂಥ ದ್ರವ ಮತ್ತು ನೀರಿನ ನಡುವೆ ಹೇಗೆ ಹಂಚಿಹೋಗುತ್ತದೆ ಎಂಬ ಲೆಕ್ಕ ಅದು. ಸಂಖ್ಯೆ ಹೆಚ್ಚಿದಷ್ಟೂ ಅಣುವಿನ ಒಲವು ಎಣ್ಣೆಯ ಕಡೆ. ಬಾಯಿಯ ಮೂಲಕ ಕೊಡುವ ಔಷಧಗಳಿಗೆ ಇದು 5 ದಾಟದಿರಲಿ ಎನ್ನುತ್ತದೆ 1997ರ ಲಿಪಿನ್‌ಸ್ಕಿ ನಿಯಮ. ನನ್ನ ಅಣುವಿನದು 5 ದಾಟಿತ್ತು. ಮಾಹಿತಿ ಹಾಳೆಯಲ್ಲಿ ಬರೆದೇ ಇತ್ತು, ನಾನು ಓದಿರಲಿಲ್ಲ.

ಮೀಡಿಯಂಗೆ ಅಲ್ಬುಮಿನ್ ಸೇರಿಸಿ ಪ್ರಯೋಗವನ್ನು ಮತ್ತೆ ಮಾಡಿದೆ. ಹೋಲಿಸಿ ನೋಡಲು ಬರೀ ಅಲ್ಬುಮಿನ್, ಬರೀ ಡಿಎಂಎಸ್‌ಒ ಹಾಕಿದ ವೆಲ್‌ಗಳನ್ನೂ (ಪ್ಲೇಟಿನ ಪುಟ್ಟ ಗುಳಿಗಳು) ಪಕ್ಕದಲ್ಲೇ ಇಟ್ಟೆ. ಹರಳು ಕಾಣಲಿಲ್ಲ, ಔಷಧ ಕೆಲಸ ಮಾಡಿತು. ಈಗ ಪ್ರತಿ ಹೊಸ ಅಣುವನ್ನೂ ಕೋಶಗಳಿಲ್ಲದ ಒಂದು ವೆಲ್‌ಗೆ ಮೊದಲು ಹಾಕುತ್ತೇನೆ. ಒಂದು ಗಂಟೆ ಬಿಟ್ಟು ಮೈಕ್ರೋಸ್ಕೋಪ್‌ನಲ್ಲಿ ತಳ ನೋಡುತ್ತೇನೆ.